ಫಿಲ್ಮಿಗಿಂತ ಮೊದಲು ತಾಯಿಯ ಮಾತು

ದಾವಣಗೆರೆಯಲ್ಲಿ ಎಂಆರ್‌ಐ ಓದಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯ ಮೂರ್ಛೆ ರೋಗಿಗಳು ಹಳೆಯ ಫಿಲ್ಮುಗಳನ್ನು ಸುತ್ತಿ ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿರುತ್ತದೆ, ಫಿಟ್ಸ್ ಮಾತ್ರ ನಿಂತಿರುವುದಿಲ್ಲ. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಗಳಿಗೂ ಬಗ್ಗದಿದ್ದರೆ ಅದನ್ನು ಮಾತ್ರೆಗೆ ಮಣಿಯದ ಮೂರ್ಛೆ ಎನ್ನುತ್ತಾರೆ. ಮೂರ್ಛೆ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥವರು. ಇವರ ‘ನಾರ್ಮಲ್’ ಅನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಫಿಲ್ಮ್ ಬಿಚ್ಚುವ ಮೊದಲು ಜೊತೆಗೆ ಬಂದವರನ್ನು ಕೂರಿಸಿ ಮಾತನಾಡಿಸುತ್ತೇನೆ. ವೈದ್ಯರ ಚೀಟಿಯಲ್ಲಿ ‘ಫಿಟ್ಸ್’ ಎಂಬ ಒಂದೇ ಪದವಿದ್ದರೆ ಮೆದುಳಿನಲ್ಲಿ ಎಲ್ಲಿ ಹುಡುಕಬೇಕು? ಬಹಳ ಮಂದಿ ಕೈಗೆ ಕಬ್ಬಿಣ ಕೊಟ್ಟ ಕತೆಯನ್ನೇ ಹೇಳುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಮಗ್ಗುಲಾಗಿ ಮಲಗಿಸಿ ಎಂದು ಹೇಳಿ ಮುಂದುವರಿಯುತ್ತೇನೆ. ಒಬ್ಬ ತಾಯಿ ಮಾತ್ರ, “ಸಾರ್, ನಿದ್ದೆಯಲ್ಲೇ ಬರುತ್ತದೆ. ಮೊದಲು ಎಡಗೈ ಸೆಟೆದು ಮೇಲೇಳುತ್ತದೆ, ಆಮೇಲೆ ಕತ್ತು ಎಡಕ್ಕೆ ತಿರುಗುತ್ತದೆ” ಎಂದು ತಾವೇ ಕೈಯೆತ್ತಿ ತೋರಿಸಿದರು. ಎಡಗೈಯಿಂದ ಶುರುವಾದರೆ ಬಲ ಮೆದುಳು. ನಿದ್ದೆಯಲ್ಲಿ ಬಂದರೆ ಮುಂಭಾಗದ ಮೇಲೆ ಅನುಮಾನ ಹೆಚ್ಚು.

ಆ ತಾಯಿಯ ಮಗನ ಹಳೆಯ ಸ್ಕ್ಯಾನ್ ಐದು ಮಿಲಿಮೀಟರ್ ದಪ್ಪದ ಚಿತ್ರಗಳದ್ದು, ನಡುನಡುವೆ ಬಿಟ್ಟ ಜಾಗ ಬೇರೆ. ಮೆದುಳಿನ ಹೊರಪದರದ ದಪ್ಪವೇ ಎರಡರಿಂದ ನಾಲ್ಕು ಮಿಲಿಮೀಟರ್. ಹಾಗಾಗಿ ಒಂದು ಮಿಲಿಮೀಟರಿನ, ನಡುವೆ ಜಾಗ ಬಿಡದ ತ್ರಿಆಯಾಮದ ಟಿ1 ಮತ್ತು ಫ್ಲೇರ್ ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳನ್ನು, ಜೊತೆಗೆ ಮೆದುಳಿನ ಒಳಬದಿಯ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಅಡ್ಡವಾಗಿ ಟಿ2 ಎಂಬ ಇನ್ನೊಂದು ಬಗೆಯ ಚಿತ್ರಗಳನ್ನು ತೆಗೆಸಿದೆ. ಮೂರ್ಛೆ ರೋಗ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ 2019ರಲ್ಲಿ ಸೂಚಿಸಿದ ಕ್ರಮವೂ ಇದೇ. ಹೊರಗೆ ಸಾಲು ಬೆಳೆಯುತ್ತಿದ್ದರೆ ತಂತ್ರಜ್ಞರು ಗೊಣಗುತ್ತಾರೆ, ಗೊಣಗಲಿ.

ಬಲ ಮುಂಭಾಗದ ಒಂದು ಮಡಿಕೆಯ ತಳದಲ್ಲಿ ಹೊರಪದರ ತುಸು ದಪ್ಪವಾಗಿತ್ತು. ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವಿನ ಗೆರೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಕದಡಿತ್ತು. ಫ್ಲೇರ್‌ನಲ್ಲಿ ಅಲ್ಲಿಂದ ಹೊರಟ ಬೆಳ್ಳನೆಯ ಎಳೆಯೊಂದು ಸಣ್ಣದಾಗುತ್ತಾ ಒಳಗಿನ ದ್ರವಕೋಶದತ್ತ ಸಾಗಿತ್ತು. ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾದ ಲಕ್ಷಣಗಳಿವು. ಗರ್ಭದಲ್ಲಿ ಮೆದುಳು ಬೆಳೆಯುವಾಗಲೇ ಆಗುವ ಈ ದೋಷವನ್ನು ಟೇಲರ್ ಮತ್ತು ಸಂಗಡಿಗರು 1971ರಲ್ಲಿ ವಿವರಿಸಿದರು.

ಕಂಡ ತಕ್ಷಣ ಬರೆದುಬಿಡುವಂತಿಲ್ಲ. ತಲೆ ಓರೆಯಾಗಿದ್ದರೆ, ಮಗು ಅಲುಗಿದ್ದರೆ ಸುಳ್ಳು ಕದಡುವಿಕೆ ಕಾಣುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಂತೂ ಬಿಳಿ ಭಾಗ ಇನ್ನೂ ಬಲಿಯುತ್ತಿರುವುದರಿಂದ ಗೆರೆ ಮೊದಲೇ ಅಸ್ಪಷ್ಟ. ಈ ಹುಡುಗ ಅದನ್ನು ದಾಟಿದ್ದ. ಮೂರೂ ದಿಕ್ಕಿನಿಂದ ನೋಡಿದೆ, ಎಡಭಾಗದ ಅದೇ ಮಡಿಕೆಯೊಡನೆ ಹೋಲಿಸಿದೆ. ಗುರುತು ಅಲ್ಲೇ ಇತ್ತು.

“ಆಪರೇಷನ್ ಮಾಡಲೇಬೇಕೇ?” ಎಂದರು ತಾಯಿ. ಅದನ್ನು ನನ್ನ ಚಿತ್ರವೊಂದೇ ಹೇಳಲಾರದು; ಫಿಟ್ಸ್ ಬರುವುದನ್ನು ವಿಡಿಯೊದಲ್ಲಿ ಹಿಡಿಯುತ್ತಲೇ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಡಿಯೊ ಇಇಜಿಯೂ ಅದೇ ಜಾಗವನ್ನು ತೋರಿಸಬೇಕು. ಬೆಂಗಳೂರಿನ ಮೆದುಳು, ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋಗಲು ಹೇಳಿ, ಚಿತ್ರದ ಸಂಖ್ಯೆಯನ್ನು ರಿಪೋರ್ಟಿನಲ್ಲಿ ನಮೂದಿಸಿದೆ. ಫಿಲ್ಮಿನ ಜೊತೆ ಸಿಡಿಯನ್ನೂ ಕೊಟ್ಟು, ಇದನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ ಎಂದೆ. ಇಷ್ಟು ಚಿಕ್ಕ ಗುರುತನ್ನು ಫಿಲ್ಮಿನ ಮೇಲೆ ಹುಡುಕುವುದು ಅಲ್ಲಿನ ತಜ್ಞರಿಗೂ ಕಷ್ಟ.