ಸೂಪರ್‌ಚಾರ್ಜ್ಡ್ ಕಾರಿಗೆ ದೊಡ್ಡ ಇಂಟರ್‌ಕೂಲರ್ ಪಂಪ್ ಹಾಕುವುದು ಹೇಗೆ

ಮೊದಲ ಸಲ ಆಕ್ಸಿಲರೇಟರ್ ತುಳಿದಾಗ ಚಿಮ್ಮುವ ಕಾರು ಮೂರನೆಯ ಸಲಕ್ಕೆ ಮಂಕಾದರೆ ಮೊದಲು ನೋಡಬೇಕಾದ್ದು ಇಂಟರ್‌ಕೂಲರ್ ಪಂಪನ್ನು. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿದಷ್ಟೂ ಗಾಳಿ ಕಾಯುತ್ತದೆ. ಆ ಬಿಸಿಯನ್ನು ಇಂಟರ್‌ಕೂಲರಿನಲ್ಲಿ ಹರಿಯುವ ಕೂಲೆಂಟ್ (ತಣಿಸುವ ದ್ರವ) ಹೀರಿಕೊಂಡು ಬಂಪರ್ ಹಿಂದಿನ ಹೀಟ್ ಎಕ್ಸ್‌ಚೇಂಜರಿಗೆ, ಅಂದರೆ ಚಿಕ್ಕ ರೇಡಿಯೇಟರಿಗೆ, ಒಯ್ಯುತ್ತದೆ. ಆ ಕೂಲೆಂಟನ್ನು ಓಡಿಸುವ ಪಂಪ್ ಸೋತರೆ ಎಂಜಿನ್ ಒಳಗೆ ಹೋಗುವ ಗಾಳಿ ಬಿಸಿಯಾಗಿಯೇ ಉಳಿಯುತ್ತದೆ, ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ತಪ್ಪಿಸಲು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ ತಗ್ಗಿಸುತ್ತದೆ, ಶಕ್ತಿ ಇಳಿಯುತ್ತದೆ.

ಹೊಸ ಪಂಪ್ ಕೊಳ್ಳುವ ಮುಂಚೆ ಹಳೆಯದರ ಫ್ಯೂಸ್, ಕನೆಕ್ಟರ್‌ನಲ್ಲಿ ಬರುವ ವೋಲ್ಟೇಜ್ ಎರಡನ್ನೂ ಪರೀಕ್ಷಿಸಿ. ಕೆಲವು ಕಾರುಗಳಲ್ಲಿ ಗಾಳಿಯ ಉಷ್ಣತೆ ಒಂದು ಮಟ್ಟ ದಾಟಿದ ಮೇಲಷ್ಟೇ ಪಂಪ್ ತಿರುಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಸದ್ದಿಲ್ಲ ಎಂದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು.

ಎಷ್ಟು ದೊಡ್ಡ ಪಂಪ್ ಬೇಕು? ಲೆಕ್ಕ ಹಾಕಿ ನೋಡೋಣ. ಎಂಜಿನ್ ಸೆಕೆಂಡಿಗೆ 0.5 ಕಿಲೋ ಗಾಳಿ ಎಳೆಯುತ್ತಿದ್ದು, ಅದನ್ನು 60 ಡಿಗ್ರಿ ತಣಿಸಬೇಕೆಂದರೆ ಸುಮಾರು 30 ಕಿಲೋವ್ಯಾಟ್ ಬಿಸಿಯನ್ನು ತೆಗೆಯಬೇಕು. ನಿಮಿಷಕ್ಕೆ 20 ಲೀಟರ್ ನೀರು ಹರಿದರೆ ಇಂಟರ್‌ಕೂಲರ್ ದಾಟುವಷ್ಟರಲ್ಲಿ ಆ ನೀರು 21-22 ಡಿಗ್ರಿ ಕಾಯುತ್ತದೆ. 40 ಲೀಟರ್ ಹರಿದರೆ 11 ಡಿಗ್ರಿ ಅಷ್ಟೇ. ನೀರು ತಣ್ಣಗಿದ್ದಷ್ಟೂ ಗಾಳಿಯೂ ತಣ್ಣಗಾಗುತ್ತದೆ. ನೀರು ಜೋರಾಗಿ ಓಡಿದರೆ ಬಿಸಿ ಹೀರಲು ಸಮಯ ಸಿಗುವುದಿಲ್ಲ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಅದು ತಪ್ಪು. ಒಂದು ಹಂತ ದಾಟಿದ ಮೇಲೆ ಲಾಭ ಕಡಿಮೆಯಾಗುತ್ತದೆ ಎಂಬುದು ಮಾತ್ರ ನಿಜ.

ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಲೆಕ್ಕವನ್ನು ನಂಬಿ ಪಂಪ್ ಆರಿಸಬೇಡಿ. ಅದು ಸಾಮಾನ್ಯವಾಗಿ ಎದುರೊತ್ತಡವೇ ಇಲ್ಲದಾಗಿನ ಅಂಕಿ. ನಿಮ್ಮ ಕಾರಿನಲ್ಲಿ ಇಂಟರ್‌ಕೂಲರಿನ ಸಣ್ಣ ನಾಳಗಳು, ಹೀಟ್ ಎಕ್ಸ್‌ಚೇಂಜರ್, ಹೋಸಿನ ತಿರುವುಗಳು ಎಲ್ಲವೂ ಹರಿವನ್ನು ತಡೆಯುತ್ತವೆ. ಒತ್ತಡ ಹೆಚ್ಚಿದಂತೆ ಹರಿವು ಹೇಗೆ ಇಳಿಯುತ್ತದೆ ಎಂದು ತೋರಿಸುವ ಗ್ರಾಫ್ ಕೊಡುವ ತಯಾರಕರ ಪಂಪನ್ನೇ ಆರಿಸಿ. 2003-04ರ ಫೋರ್ಡ್ ಮಸ್ಟಾಂಗ್ ಎಸ್‌ವಿಟಿ ಕೋಬ್ರಾದ ಬಾಷ್ ಪಂಪನ್ನು ಮರ್ಸಿಡಿಸ್ ಇ55 ಎಎಂಜಿಗೆ ಹಾಕುವ ರೂಢಿಯಿದೆ, ಅದು ಕಾರ್ಖಾನೆ ಮಟ್ಟದ, ಬಾಳಿಕೆ ಬರುವ ಪಂಪ್. ಬ್ರಷ್‌ಲೆಸ್ (ಸವೆಯುವ ಬ್ರಷ್ ಇಲ್ಲದ) ಮೋಟರಿನ ಪಂಪ್‌ಗಳು ಇನ್ನೂ ಹೆಚ್ಚು ಕಾಲ ಬಾಳುತ್ತವೆ. ಆದರೆ ಅವುಗಳಲ್ಲಿ ಕೆಲವಕ್ಕೆ 12 ವೋಲ್ಟ್ ಒಂದೇ ಸಾಲದು, ವೇಗವನ್ನು ಹೇಳುವ ಪ್ರತ್ಯೇಕ ಪಿಡಬ್ಲ್ಯುಎಂ (ಕ್ಷಣಕ್ಷಣಕ್ಕೆ ಆನ್-ಆಫ್ ಆಗುವ) ಸಿಗ್ನಲ್ಲೂ ಬೇಕು. ಕೊಳ್ಳುವ ಮುಂಚೆ ಇದನ್ನು ಖಚಿತಪಡಿಸಿಕೊಳ್ಳಿ.

ವೈರಿಂಗ್

ಹಳೆಯ ಪಂಪಿನ ತೆಳು ವೈರಿಗೆ ದೊಡ್ಡ ಪಂಪನ್ನು ನೇರವಾಗಿ ಜೋಡಿಸಬೇಡಿ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) 30ನೇ ಪಿನ್, 87ರಿಂದ ಪಂಪ್: ಇದು ಕರೆಂಟ್ ಹೋಗುವ ದಾರಿ. ಹಳೆಯ ಕನೆಕ್ಟರ್‌ನ ಎರಡು ವೈರ್‌ಗಳು 85, 86ಕ್ಕೆ ಹೋಗಿ ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಮಾಡಲಿ. ಇಸಿಯುವಿನ ರಕ್ಷಣೆಗೆ ಒಳಗೆ ಡಯೋಡ್ ಅಥವಾ ರೆಸಿಸ್ಟರ್ ಇರುವ ರಿಲೇ ಬಳಸಿ. ಡಯೋಡ್ ಇದ್ದರೆ ಪ್ಲಸ್, ಮೈನಸ್ ಅದಲುಬದಲಾಗಬಾರದು. ಹಳೆಯ ಪಂಪನ್ನು ಇಸಿಯು ಪಿಡಬ್ಲ್ಯುಎಂನಿಂದ ನಡೆಸುತ್ತಿದ್ದರೆ ರಿಲೇ ಟಕಟಕ ಬಡಿದು ಸುಟ್ಟುಹೋಗುತ್ತದೆ. ಆಗ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಬೇರೊಂದು ವೈರಿನಿಂದ ರಿಲೇಗೆ ಸಂಪರ್ಕ ಕೊಡಿ.

10 ಆಂಪ್ ಎಳೆಯುವ ಪಂಪಿಗೆ 15 ಆಂಪ್ ಫ್ಯೂಸ್, 2.5 ಚದರ ಮಿ.ಮೀ. ತಾಮ್ರದ ವೈರ್ ಸರಿಯಾಗುತ್ತದೆ. ಹೋಗಿಬರುವ ದೂರ ಒಟ್ಟು 8 ಮೀಟರ್ ಇದ್ದರೆ ಇದರಲ್ಲಿ ಸುಮಾರು 0.55 ವೋಲ್ಟ್ ಕಳೆದುಹೋಗುತ್ತದೆ. ಅದೇ 1 ಚದರ ಮಿ.ಮೀ. ವೈರ್ ಆದರೆ 1.4 ವೋಲ್ಟ್. ವೋಲ್ಟೇಜ್ ಕುಸಿದು ಪಂಪಿನ ವೇಗ ಇಳಿದಾಗ ಅದು ಕೊಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಆದ್ದರಿಂದ ಈ ಒಂದೊಂದು ವೋಲ್ಟ್ ಕೂಡ ಮುಖ್ಯ. ಅರ್ಥಿಂಗ್ ಜಾಗದ ಪೇಂಟ್ ಉಜ್ಜಿ ತೆಗೆದು ಬೋಲ್ಟ್ ಬಿಗಿಯಿರಿ.

ಕೂರಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ತೆಗೆಯಿರಿ, ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಕೆಳಗಿನ ಕವರ್ ಬಿಚ್ಚಿ ಕೂಲೆಂಟನ್ನು ಪಾತ್ರೆಗೆ ಇಳಿಸಿ.

ಈ ಪಂಪ್‌ಗಳು ತಾವಾಗಿ ನೀರು ಎಳೆದುಕೊಳ್ಳಲಾರವು, ಟ್ಯಾಂಕಿನ ನೀರು ಇಳಿದು ಬಂದು ಅವುಗಳ ಬಾಯಿ ತುಂಬಬೇಕು. ಆದ್ದರಿಂದ ಪಂಪ್ ಟ್ಯಾಂಕಿಗಿಂತ ಕೆಳಗೆ, ಸರ್ಕ್ಯೂಟಿನ ತೀರಾ ತಗ್ಗಿನ ಜಾಗದಲ್ಲಿ ಇರಲಿ. ಹೊರಬಾಯಿ ಮೇಲಕ್ಕೋ ಪಕ್ಕಕ್ಕೋ ತಿರುಗಿರಲಿ, ಕೆಳಮುಖವಾದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹರಿವಿನ ಬಾಣ ನೋಡಿ. ಹೀಟ್ ಎಕ್ಸ್‌ಚೇಂಜರ್ ದಾಟಿ ತಣ್ಣಗಾದ ನೀರೇ ಇಂಟರ್‌ಕೂಲರ್ ಸೇರಬೇಕು. ಹೋಸ್ 19 ಮಿ.ಮೀ. ಆಗಿದ್ದು ಪಂಪಿನ ಬಾಯಿ ಬೇರೆ ಅಳತೆಯದಾದರೆ ಸರಿಯಾದ ರಿಡ್ಯೂಸರ್ ಹಾಕಿ, ಕ್ಲ್ಯಾಂಪಿನಿಂದ ಹಿಂಡಿ ಕೂರಿಸಬೇಡಿ. ರಬ್ಬರ್ ಬುಷ್ ಇರುವ ಬ್ರ್ಯಾಕೆಟ್ ಹಾಕದಿದ್ದರೆ ಪಂಪಿನ ಗುಂಯ್‌ಗುಡುವಿಕೆ ಕ್ಯಾಬಿನ್ನಿಗೆ ಕೇಳುತ್ತದೆ.

ತುಂಬಿಸುವುದು, ಗಾಳಿ ತೆಗೆಯುವುದು

ಅನೇಕ ಪಂಪ್‌ಗಳು ಕೆಡುವುದು ಇಲ್ಲಿಯೇ. ಒಳಗೆ ಗಾಳಿ ಕಟ್ಟಿಕೊಂಡರೆ ಪಂಪ್ ನೀರಿಲ್ಲದೆ ತಿರುಗಿ ಸೀಲ್ ಅಥವಾ ಬೇರಿಂಗ್ ಸುಟ್ಟುಕೊಳ್ಳುತ್ತದೆ. ಒಣಗಿದ ಪಂಪಿಗೆ ಪರೀಕ್ಷೆಗೆಂದೂ ಕರೆಂಟ್ ಕೊಡಬೇಡಿ.

ವ್ಯಾಕ್ಯೂಮ್ ಫಿಲ್ಲರ್ ಇದ್ದರೆ ಅದೇ ಉತ್ತಮ, ಗಾಳಿಯನ್ನು ಮೊದಲೇ ಎಳೆದುಬಿಡುತ್ತದೆ. ಇಲ್ಲದಿದ್ದರೆ ಕಾರಿನ ಮೂತಿ ಎತ್ತಿ, ತೀರಾ ಮೇಲಿರುವ ಬ್ಲೀಡ್ ಸ್ಕ್ರೂ ತೆರೆದು, ಟ್ಯಾಂಕಿಗೆ ನಿಧಾನವಾಗಿ ಸುರಿಯಿರಿ. ಸ್ಕ್ರೂ ಬಳಿ ಗುಳ್ಳೆ ನಿಂತು ನೀರು ಬಂದಾಗ ಮುಚ್ಚಿ. ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಪಂಪನ್ನಷ್ಟೇ ಕೆಲವು ಸೆಕೆಂಡ್ ಓಡಿಸಿ, ನಿಲ್ಲಿಸಿ, ಗುಳ್ಳೆ ಮೇಲೇಳಲು ಬಿಡಿ, ಮಟ್ಟ ಇಳಿದಷ್ಟು ತುಂಬಿ. ಟ್ಯಾಂಕಿಗೆ ಮರಳುವ ನೀರು ಗುಳ್ಳೆಯಿಲ್ಲದೆ ಒಂದೇ ಸಮ ಬರುವವರೆಗೂ ಹೀಗೇ ಮಾಡಿ, ಆಮೇಲೆ ಹದಿನೈದು ನಿಮಿಷ ಸತತವಾಗಿ ಓಡಿಸಿ. ಗರಗರ ಸದ್ದು ಇನ್ನೂ ಇದ್ದರೆ ಗಾಳಿ ಇನ್ನೂ ಇದೆ.

ಕೂಲೆಂಟ್ ಗ್ಲೈಕಾಲ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಇರುವ ಮಿಶ್ರಣ ಹೊರುವ ಬಿಸಿ ಬರಿ ನೀರು ಹೊರುವುದಕ್ಕಿಂತ ಕಡಿಮೆ, ಈ ಇಳಿಕೆ ಹತ್ತು ಶೇಕಡವನ್ನು ತುಸು ದಾಟುತ್ತದೆ. ಹಿಮ ಬೀಳದ ಕಡೆ ಕೂಲೆಂಟ್ ಪಾಲನ್ನು 30 ಶೇಕಡಕ್ಕೆ ಇಳಿಸಬಹುದು. ಬರಿ ನೀರು ಮಾತ್ರ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ. ಕೆಲವು ಕಾರುಗಳಲ್ಲಿ ಈ ಸರ್ಕ್ಯೂಟ್ ಎಂಜಿನ್ನಿನದರ ಜೊತೆ ಸೇರಿಕೊಂಡಿರುತ್ತದೆ, ಅಲ್ಲಿ ತಯಾರಕರು ಹೇಳಿದ ಕೂಲೆಂಟನ್ನೇ ಹಾಕಿ.

ಓಬಿಡಿ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ) ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣತೆಯನ್ನು ಕೆಲಸಕ್ಕೆ ಮುಂಚೆಯೂ ಆಮೇಲೂ ಒಂದೇ ಹವೆಯಲ್ಲಿ, ಒಂದೇ ಗೇರಿನಲ್ಲಿ, ಮುಚ್ಚಿದ ಟ್ರ್ಯಾಕಿನಲ್ಲಿ ದಾಖಲಿಸಿ. ಗರಿಷ್ಠ ಅಂಕಿಗಿಂತ, ಏರಿದ್ದು ಮತ್ತೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನೋಡಿ. ಇಳಿಯುವುದು ಇನ್ನೂ ನಿಧಾನವಾಗಿದ್ದು ಹೀಟ್ ಎಕ್ಸ್‌ಚೇಂಜರಿನಿಂದ ಹೊರಬರುವ ಹೋಸೂ ಒಳಹೋಗುವ ಹೋಸಿನಷ್ಟೇ ಬಿಸಿಯಿದ್ದರೆ, ಪಂಪ್ ತನ್ನ ಕೆಲಸ ಮಾಡುತ್ತಿದೆ, ಹೀಟ್ ಎಕ್ಸ್‌ಚೇಂಜರ್ ಸಾಲುತ್ತಿಲ್ಲ. ಅದರ ರೆಕ್ಕೆಗಳ ಕೊಳೆ ತೊಳೆದು ನೋಡಿ, ಆಮೇಲೂ ಹಾಗೇ ಇದ್ದರೆ ದೊಡ್ಡದನ್ನು ಹಾಕಿ.