ಮುಟ್ಟಿನ ಮಾತು ಆರಂಭಿಸಲು ಮಣಿಸರ

ಮುಟ್ಟಿನ ಬಗ್ಗೆ ಕಾರ್ಯಾಗಾರ ನಡೆಸುವವರು ಭಾಷಣದಿಂದ ಶುರುಮಾಡಬೇಡಿ. ಎಲ್ಲರ ಕೈಗೂ ದಾರ, ಬಿಳಿ ಮತ್ತು ಕೆಂಪು ಮಣಿ ಕೊಟ್ಟು ಒಂದು ಋತುಚಕ್ರವನ್ನು, ಅಂದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ, ಪೋಣಿಸಲು ಹೇಳಿ. ದಿನಕ್ಕೊಂದು ಮಣಿ, ಸ್ರಾವದ ದಿನಗಳಿಗೆ ಕೆಂಪು. ಕಣ್ಣು ದಾರದ ಮೇಲಿದ್ದಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮಣಿಯ ನೆಪದಲ್ಲಿ ತಮ್ಮ ಪ್ರಶ್ನೆಯನ್ನೇ ಕೇಳಿಬಿಡುತ್ತಾರೆ. ಎಲ್ಲರಿಗೂ 28 ಮಣಿ ಎಣಿಸಿ ಹಂಚಿದಿರೋ, ಕೆಲಸ ಕೆಟ್ಟಿತು; ಎಲ್ಲರ ಚಕ್ರವೂ 28 ದಿನದ್ದಲ್ಲ. ವಯಸ್ಕರಲ್ಲಿ ಚಕ್ರ ಸಾಮಾನ್ಯವಾಗಿ 21ರಿಂದ 35 ದಿನ, ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 45 ದಿನದವರೆಗೂ ಸಹಜ. ಸ್ರಾವ 2ರಿಂದ 7 ದಿನ. ಮಣಿಗಳನ್ನು ಬಟ್ಟಲಿಗೆ ಸುರಿದಿಡಿ, ಬೇಕಾದಷ್ಟು ಎತ್ತಿಕೊಳ್ಳಲಿ. ಸರಗಳನ್ನು ಪಕ್ಕಪಕ್ಕ ಇಟ್ಟರೆ ಗಿಡ್ಡ, ಉದ್ದ ತಾನಾಗಿ ಕಾಣುತ್ತದೆ. ‘ನನ್ನದು ಮಾತ್ರ ಹೀಗೆ’ ಎಂಬ ಅಂಜಿಕೆ ಇಳಿಯುತ್ತದೆ. ಹುಡುಗರೂ ಇನ್ನೂ ಮುಟ್ಟಾಗದವರೂ ಯಾವುದಾದರೂ ಅಂಕಿ ಆರಿಸಿ ಪೋಣಿಸಲಿ. ‘ಇದು ನಿನ್ನದೇ ಲೆಕ್ಕವೇ?’ ಎಂದು ಯಾರನ್ನೂ ಕೇಳಕೂಡದು, ಇದೊಂದು ಕಟ್ಟುನಿಟ್ಟು. ಮನೆಯ ಹಿರಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಉಪಾಯ ಫಲಿಸದು; ಅವರ ಕೈಗೂ ದಾರ ಕೊಡಿ, ಇಲ್ಲವೇ ಬೇರೆ ದಿನ ಇಟ್ಟುಕೊಳ್ಳಿ. ಈ ಸರ ನೋಡಿ ಗರ್ಭ ನಿಲ್ಲುವ ದಿನಗಳ ಲೆಕ್ಕ ಹಾಕಲು ಮಾತ್ರ ಹೊರಡಬೇಡಿ, ಅದಕ್ಕೆ ಇದು ಸಾಲದು.