ವಾಹನ ಎತ್ತರಿಸುವ ಮುನ್ನ ಚಕ್ರದ ಏರಿಳಿತ ಅಳೆಯಿರಿ

ಕೆಳಗಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಡಾಂಬರು ಅಲೆಯಲೆಯಾಗುವ ರಾಯಚೂರು, ಸಿಂಧನೂರು ಕಡೆಯಲ್ಲಾಗಲಿ, ಅದಿರು ಲಾರಿಗಳು ಓಡಾಡುವ ಸಂಡೂರು ಸೀಮೆಯಲ್ಲಾಗಲಿ, ತಳ ತಾಗದಿರಲೆಂದು ಜೀಪಿನ ಮುಂಭಾಗವನ್ನು ಎತ್ತರಿಸಿಕೊಳ್ಳುವವರಿದ್ದಾರೆ. ಆಮೇಲೆ ಕುಲುಕಾಟ ಹೆಚ್ಚಾದರೆ ‘ಸ್ಪ್ರಿಂಗ್ ಗಟ್ಟಿಯಾಯಿತು’ ಎನ್ನುತ್ತಾರೆ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ವಾಹನಗಳ ಮಟ್ಟಿಗೆ ಈ ಮಾತು ಸರಿಯಲ್ಲ. ಬಾರಿನ ಗಡಸು ಅದರ ಲೋಹ, ಉದ್ದ ಮತ್ತು ದಪ್ಪದಿಂದ ಬರುತ್ತದೆ; ಎತ್ತರ ಹೊಂದಿಸುವ ಬೋಲ್ಟ್ ಬಿಗಿಮಾಡಿದರೆ ಅದು ಬದಲಾಗದು. ಬದಲಾಗುವುದು ಚಕ್ರವು ತನ್ನ ಏರಿಳಿತದ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದು.

ಉದಾಹರಣೆಗೆ, ಚಕ್ರದ ಒಟ್ಟು ಏರಿಳಿತ 160 ಮಿ.ಮೀ. ಇದ್ದು, ನಿಂತ ಸ್ಥಿತಿಯಿಂದ ಮೇಲಕ್ಕೆ 90, ಕೆಳಕ್ಕೆ 70 ಉಳಿದಿದೆಯೆನ್ನಿ. ವಾಹನವನ್ನು 40 ಮಿ.ಮೀ. ಎತ್ತರಿಸಿದರೆ ಮೇಲಕ್ಕೆ 130 ಸಿಗುತ್ತದೆ, ಕೆಳಕ್ಕೆ 30 ಮಾತ್ರ. ಗುಂಡಿ ಎದುರಾದಾಗ ಚಕ್ರ ತಳ ಮುಟ್ಟುವ ಮೊದಲೇ ಕೆಳಗಿನ ತಡೆಗೆ ಬಡಿದು, ವಾಹನವೂ ಅದರೊಡನೆ ಕುಸಿಯುತ್ತದೆ. ಕೇಳಿಸುವ ‘ಟಕ್’ ಸದ್ದು ಇದರದೇ. ತಗ್ಗಿಸಿದವರಿಗೆ ಇದರ ತಿರುವುಮುರುವು: ಹಂಪ್ ಬಂದಾಗ ಮೇಲಿನ ರಬ್ಬರ್ ತಡೆಗೆ ಬಡಿತ.

ಮೊದಲು ಸಮತಟ್ಟಾದ ನೆಲದಲ್ಲಿ, ದಿನನಿತ್ಯದ ಹೊರೆಯೊಂದಿಗೆ ವಾಹನ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆದರೆ ಟಯರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಬಳಿಕ ಚಾಸಿಸ್‌ಗೆ ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಜೋತುಬಿದ್ದಾಗ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಕೆಳಮುಖದ ಏರಿಳಿತ. ಅದರ ಕಾಲುಭಾಗಕ್ಕಿಂತ ಹೆಚ್ಚು ಎತ್ತರಿಸದಿರುವುದು ಒಳಿತೆಂಬುದು ನನ್ನ ಅಭಿಪ್ರಾಯ. ತಯಾರಕರ ಕೈಪಿಡಿಯಲ್ಲಿ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಚಕ್ರ ಜೋತುಬಿದ್ದಿರುವಾಗಲೇ ಎರಡೂ ಬದಿಯ ಬೋಲ್ಟ್‌ಗಳನ್ನು ಒಂದೊಂದು ಸುತ್ತು ತಿರುಗಿಸಿ, ವಾಹನವನ್ನು ಕೆಳಗಿಳಿಸಿ. ಇಳಿಸಿದ ಕೂಡಲೇ ಅಳೆಯಬೇಡಿ: ಟಯರು ನೆಲಕ್ಕೆ ಕಚ್ಚಿಕೊಂಡು ವಾಹನ ಹೆಚ್ಚು ಎತ್ತರವಾಗಿ ತೋರುತ್ತದೆ. ಹಿಂದಕ್ಕೂ ಮುಂದಕ್ಕೂ ಕೆಲವು ಮೀಟರ್ ಓಡಿಸಿ, ಆಮೇಲೆ ಅಳೆಯಿರಿ. ಎತ್ತರ ಬದಲಾದರೆ ಚಕ್ರದ ವಾಲಿಕೆಯೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟ್‌ನ ಬೆಳಕನ್ನೂ ತಗ್ಗಿಸಬೇಕು.

ಗಂಗಾವತಿಯಲ್ಲಿ ಅಕ್ಕಿ ಮೂಟೆ ಹೇರುವ ಪಿಕಪ್‌ನ ಹಿಂಭಾಗದ ಮಾತು ಬೇರೆ. ಅಲ್ಲಿ ಹೆಚ್ಚುವರಿ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಸೇರಿಸಿದರೆ ಗಡಸು ನಿಜವಾಗಿಯೂ ಹೆಚ್ಚುತ್ತದೆ, ಖಾಲಿ ಗಾಡಿ ಎಗರುತ್ತದೆ. ಹೀಗೆ ಎತ್ತರಿಸಿದರೂ ಆಕ್ಸಲ್ ನಡುವಿನ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗಿಯರ್‌ಗಳ ಗೂಡು) ಒಂದಿಷ್ಟೂ ಮೇಲೇರದು. ಅದು ಕಲ್ಲಿಗೆ ತಾಗದಿರಬೇಕಾದರೆ ಟಯರೇ ದೊಡ್ಡದಾಗಬೇಕು.